ಬೆಕ್ಕುಗಳ ದ್ವೀಪಕ್ಕೆ ದಿನಕ್ಕೆ ಮೂರೇ ಫೆರಿ

‘ಜಪಾನಿನ ಬೆಕ್ಕಿನ ದ್ವೀಪ’ ಅಂತ ರೀಲ್ಸ್ ನೀವೂ ನೋಡಿರ್ತೀರಿ. ಬಂದರಿನ ಕಟ್ಟೆ ಮೇಲೆ ಸಾಲಾಗಿ ಕೂತ ಬೆಕ್ಕುಗಳು, ಹಿಂದೆ ನೀಲಿ ಸಮುದ್ರ, ಅದಕ್ಕೊಂದು ಮುದ್ದಾದ ಮ್ಯೂಸಿಕ್. ಇಂಥ ಹೆಸರು ಮಾಡಿದ ದ್ವೀಪಗಳು ಅಲ್ಲಿ ಹಲವಾರಿವೆ. ನಾನು ಹೋಗಿದ್ದು ಮಿಯಾಗಿ ಪ್ರಾಂತ್ಯದ ತಶಿರೋಜಿಮಾಕ್ಕೆ. ಬೆಕ್ಕುಗಳು ನೂರಕ್ಕೂ ಹೆಚ್ಚು, ಮನುಷ್ಯರು ಐವತ್ತು-ಅರವತ್ತು. ಆ ಐವತ್ತು-ಅರವತ್ತರಲ್ಲಿ ಬಹುಪಾಲು ಜನ 65 ದಾಟಿದವರು ಅನ್ನೋದನ್ನ ಮಾತ್ರ ಯಾವ ರೀಲೂ ಹೇಳಲ್ಲ.

ಪ್ರಾಜೆಕ್ಟ್ ಕೆಲಸದ ಮೇಲೆ ಟೋಕಿಯೊದಲ್ಲಿದ್ದೆ. ಒಂದು ಲಾಂಗ್ ವೀಕೆಂಡ್ ಸಿಕ್ಕಿತು. ಟೋಕಿಯೊದಿಂದ ಸೆಂಡಾಯ್‌ಗೆ ಬುಲೆಟ್ ಟ್ರೈನಿನಲ್ಲಿ ಒಂದೂವರೆ ಗಂಟೆ, ಅಲ್ಲಿಂದ ಇಶಿನೊಮಾಕಿಗೆ ಇನ್ನೊಂದು ಗಂಟೆ. ‘ಕಾಮೆನ್ ರೈಡರ್’ ಸೃಷ್ಟಿಸಿದ ಮಾಂಗಾ ಕಲಾವಿದ ಶೊಟಾರೊ ಇಶಿನೊಮೊರಿ ಅವರ ಹೆಸರಿನ ಮ್ಯೂಸಿಯಂ ಇರೋದು ಈ ಊರಲ್ಲೇ. ಬೀದಿಬೀದಿಯಲ್ಲೂ ಅವರ ಪಾತ್ರಗಳ ಪ್ರತಿಮೆಗಳು. ಆದರೆ ಅಲ್ಲಿ ಕಾಲ ಕಳೆಯೋಕೆ ಹೋದರೆ ಫೆರಿ ತಪ್ಪುತ್ತೆ. ದಿನಕ್ಕೆ ಇರೋದೇ ಮೂರು ಟ್ರಿಪ್, ಗಾಳಿ-ಅಲೆ ಜಾಸ್ತಿಯಾದರೆ ಅದೂ ಇಲ್ಲ. ಹಿಂದಿನ ರಾತ್ರಿ ಇಶಿನೊಮಾಕಿಯಲ್ಲೇ ಉಳಿದು, ಬೆಳಗಿನ ಮೊದಲ ಫೆರಿ ಹಿಡಿಯೋದು ಒಳ್ಳೇದು. ದ್ವೀಪದಲ್ಲಿ ಸೂಪರ್‌ಮಾರ್ಕೆಟ್ ಇಲ್ಲ, ಆದ್ದರಿಂದ ನೀರು, ಊಟ ಕಟ್ಟಿಕೊಂಡೇ ಹೋಗಿ. ಕಸವನ್ನೂ ವಾಪಸ್ ಹೊತ್ತು ತನ್ನಿ. ನಾಯಿಯನ್ನ ಮಾತ್ರ ಕರ್ಕೊಂಡು ಹೋಗೋ ಹಾಗಿಲ್ಲ!

ಫೆರಿ ಅಂದ್ರೆ ದೊಡ್ಡ ಹಡಗೇನಲ್ಲ. ಒಳಗೆ ಕ್ಯಾಮೆರಾ ನೇತುಹಾಕಿಕೊಂಡ ನಮ್ಮಂಥವರು ಒಂದಷ್ಟು ಜನ ಕಿಟಕಿ ಪಕ್ಕ, ದ್ವೀಪದವರು ನಾಲ್ಕೈದು ಜನ ಬಾಗಿಲ ಪಕ್ಕ. ಅವರ ಸಾಮಾನೆಲ್ಲ ಡೆಕ್ ಮೇಲೆ: ಈರುಳ್ಳಿ ಚೀಲ, ಟಾಯ್ಲೆಟ್ ಪೇಪರ್ ಕಟ್ಟು, ಮೇಲೆ ಹೆಸರು ಬರೆದಿಟ್ಟ ರಟ್ಟಿನ ಡಬ್ಬಗಳು. ಅದನ್ನ ನೋಡ್ತಿದ್ದ ಹಾಗೆ ನನ್ನ ತಲೆ ಸೀದಾ ಕುಂದಾಪುರಕ್ಕೆ ಹೋಯ್ತು.

ಕರಾವಳಿಯವರಲ್ಲದ ಓದುಗರಿಗೆ ಒಂದು ಮಾತು. ನಮ್ಮ ಉಡುಪಿ ಜಿಲ್ಲೆಯ ನದಿಗಳ ನಡುವೆ ಇರೋ ಪುಟ್ಟ ದ್ವೀಪಗಳಿಗೆ ಕುದ್ರು ಅಂತೀವಿ. ಕೆಲವಕ್ಕೆ ಸೇತುವೆ ಬಂದಿದೆ, ಕೆಲವಕ್ಕೆ ಇನ್ನೂ ದೋಣಿಯೇ ಗತಿ. ನನ್ನ ಅಮ್ಮಮ್ಮ ಇರೋದು ಸೇತುವೆ ಇಲ್ಲದ ಒಂದು ಕುದ್ರುವಿನಲ್ಲಿ. ಏಳು ಮನೆ, ಒಂದು ದೋಣಿ. ಅಜ್ಜ ಹೋದ ಮೇಲೆ ಅವರೊಬ್ಬರೇ. ವಯಸ್ಸು 79. ಅಮ್ಮ, ಮಾವ ಇಬ್ಬರೂ ಸೇರಿ ಅವರನ್ನ ಬೆಂಗಳೂರಿನ ಫ್ಲ್ಯಾಟಿಗೆ ಕರ್ಕೊಂಡು ಬರೋದು ಅಂತ ತೀರ್ಮಾನ ಮಾಡಿದ್ದರು. ಒಪ್ಪಿಸೋ ಕೆಲಸ ನನಗೆ ಬಂದಿತ್ತು, ನಾನು ಮುದ್ದಿನ ಮೊಮ್ಮಗ ನೋಡಿ. ನಾನು ಫೋನ್ ಮಾಡಿದಾಗಲೆಲ್ಲ ಅವರದು ಒಂದೇ ಪ್ರಶ್ನೆ: “ಅಲ್ಲಿ ಎಂತ ಮಾಡೂಕ್ ಬಪ್ಪುದ್ ಮಗಾ?” ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ಸುಮಾರು ಮುಕ್ಕಾಲು ಗಂಟೆಯಲ್ಲಿ ತಶಿರೋಜಿಮಾ ಬಂತು. ಉತ್ತರಕ್ಕೆ ಒಡೊಮಾರಿ, ದಕ್ಷಿಣಕ್ಕೆ ನಿಟೋಡಾ, ಇರೋದು ಇವೆರಡೇ ಹಳ್ಳಿ. ಇಡೀ ದ್ವೀಪ ಮೂರು ಚದರ ಕಿಲೋಮೀಟರ್ ಚಿಲ್ಲರೆ. ನಿಟೋಡಾದಲ್ಲಿ ಇಳಿದರೆ ಬೆಕ್ಕುಗಳೇ ಸ್ವಾಗತ ಸಮಿತಿ. ಬಲೆ ರಾಶಿ ಮೇಲೆ ಎರಡು, ಬಾಗಿದ ಛಾವಣಿ ಮೇಲೆ ಒಂದು, ರಸ್ತೆ ಮಧ್ಯ ನಾಲ್ಕು. ಯಾವುದೂ ನಮ್ಮನ್ನ ಕಂಡು ಓಡಲ್ಲ, ಹಾಗಂತ ಪ್ರೀತಿಯಿಂದ ಬರೋದೂ ಇಲ್ಲ. ನಾವು ತಿನ್ನೋ ತಿಂಡಿಯನ್ನ ಅವಕ್ಕೆ ಹಾಕಬೇಡಿ ಅಂತ ಊರವರ ಮನವಿ ಇದೆ. ಆದರೂ ಚಿಪ್ಸ್ ತೋರಿಸಿ ಫೋಟೊ ತೆಗೆಯೋರು ಇದ್ದೇ ಇರ್ತಾರೆ. ಎಲ್ಲ ದೇಶದಲ್ಲೂ.

ಈ ಬೆಕ್ಕುಗಳು ಟೂರಿಸ್ಟರಿಗಾಗಿ ಬಂದವಲ್ಲ. ಹಿಂದೆ ಇಲ್ಲಿ ರೇಷ್ಮೆ ಹುಳು ಸಾಕ್ತಿದ್ದರು. ರೇಷ್ಮೆ ಅಂದ್ರೆ ನಮಗೆ ರಾಮನಗರ ನೆನಪಾಗುತ್ತೆ, ಆದರೆ ಜಪಾನಿನ ಹಳ್ಳಿಮನೆಗಳಲ್ಲೂ ಅದು ದೊಡ್ಡ ಕಸುಬಾಗಿತ್ತು. ಹುಳುಗಳಿಗೆ ಇಲಿ ಶತ್ರು, ಇಲಿಗೆ ಬೆಕ್ಕು ಶತ್ರು. ಹಾಗೆ ಬೆಕ್ಕು ಮನೆ ಸೇರಿತು. ಆಮೇಲೆ ದಡದ ಹತ್ತಿರ ದೊಡ್ಡ ಬಲೆಯನ್ನ ಒಂದೇ ಕಡೆ ಕಟ್ಟಿ ಮೀನು ಹಿಡಿಯೋ ಪದ್ಧತಿ ಬೆಳೀತು. ಬೇರೆ ಊರಿನ ಮೀನುಗಾರರು ಬಂದು ಇಲ್ಲೇ ರಾತ್ರಿ ತಂಗ್ತಿದ್ದರು. ಅವರು ಉಳಿಸಿದ ಮೀನಿಗೆ ಬೆಕ್ಕುಗಳು ಅಂಟಿಕೊಂಡವು. ಬೆಕ್ಕಿನ ನಡವಳಿಕೆ ನೋಡಿ ನಾಳೆಯ ಹವಾಮಾನ, ಮೀನಿನ ಫಸಲು ಅಂದಾಜು ಮಾಡ್ತಿದ್ದರಂತೆ. ಬಲೆಗೆ ಭಾರ ಕಟ್ಟೋಕೆ ಕಲ್ಲು ಒಡೆಯುವಾಗ ಒಂದು ಚೂರು ಸಿಡಿದು ಬೆಕ್ಕೊಂದು ಸತ್ತಿತು, ಮೀನುಗಾರ ಅದನ್ನ ಮಣ್ಣು ಮಾಡಿ ಪೂಜಿಸಿದ, ಅದೇ ಎರಡು ಹಳ್ಳಿಗಳ ನಡುವೆ ಇರೋ ಬೆಕ್ಕಿನ ಗುಡಿ ಅನ್ನೋದು ಐತಿಹ್ಯ. ಗುಡಿ ನಮ್ಮೂರ ನಾಗಬನದ ಕಲ್ಲುಕಟ್ಟೆಗಿಂತ ದೊಡ್ಡದೇನಲ್ಲ. ಮರಗಳ ನೆರಳು, ಮುಂದೆ ಭಕ್ತರು ಇಟ್ಟ ಬೆಕ್ಕಿನ ಗೊಂಬೆಗಳು.

2011ರ ಮಾರ್ಚ್ 11ರ ಭೂಕಂಪ, ಸುನಾಮಿ ಬಗ್ಗೆ ಇಲ್ಲಿ ಯಾರೂ ತಾವಾಗಿ ಮಾತಾಡಲ್ಲ. ಇಶಿನೊಮಾಕಿ ನಗರವೊಂದರಲ್ಲೇ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ದ್ವೀಪದ ಹೆಚ್ಚಿನ ಬೆಕ್ಕುಗಳು ಉಳಿದವು, ಆದರೆ ಸಿಂಪಿ ಸಾಕುವ ಸಾಲುಗಳು, ದೋಣಿ, ಬಲೆ ಎಲ್ಲ ಕೊಚ್ಚಿಹೋದವು. ಉಳಿದ ಮೀನುಗಾರರು ಭಿಕ್ಷೆ ಕೇಳಲಿಲ್ಲ. ಹತ್ತು ಸಾವಿರ ಯೆನ್‌ಗೆ ಒಂದು ಪಾಲು ಅಂತ ಬೆಕ್ಕಿನ ಅಭಿಮಾನಿಗಳಿಂದ ಆನ್‌ಲೈನ್‌ನಲ್ಲಿ ಹಣ ಎತ್ತಿದರು. ಕೆಲವೇ ತಿಂಗಳಲ್ಲಿ ಅವರ ಗುರಿಯಾದ ಹದಿನೈದು ಕೋಟಿ ಯೆನ್ ಬಂತು. ಅದರಿಂದ ಸಿಂಪಿ ಕೃಷಿ ಮತ್ತೆ ಶುರುವಾಯ್ತು, ಬೆಕ್ಕುಗಳ ಖರ್ಚೂ ನಡೀತು. ಮುಂಚೆ ಬೆಕ್ಕನ್ನ ಮೀನುಗಾರರು ಸಾಕಿದ್ದರು, ಈಗ ಬೆಕ್ಕು ಅವರನ್ನ ಸಾಕಿತು.

1950ರ ದಶಕದಲ್ಲಿ ಇಲ್ಲಿ ಸುಮಾರು ಸಾವಿರ ಜನ ಇದ್ದರು. ಶಾಲೆ ಮುಚ್ಚಿ ದಶಕಗಳಾದವು. ಅರ್ಧಕ್ಕಿಂತ ಹೆಚ್ಚು ಜನ 65 ದಾಟಿದ ಊರಿಗೆ ಜಪಾನಿನಲ್ಲಿ ‘ಗೆಂಕಾಯ್ ಶೂರಾಕು’ ಅಂತಾರೆ, ಅಂಚಿಗೆ ಬಂದು ನಿಂತ ಹಳ್ಳಿ ಅಂತ ಇಟ್ಟುಕೊಳ್ಳಿ. ಎಷ್ಟೋ ಮನೆಗಳ ಬಾಗಿಲ ಮುಂದೆ ಬಳ್ಳಿ ಬೆಳೆದಿತ್ತು.

ನಿಟೋಡಾದ ಮೇಲಿನ ದಾರಿಯಲ್ಲಿ ಒಬ್ಬ ಅಜ್ಜಿ ಮೂಲಂಗಿ ತೊಳೀತಾ ಇದ್ದರು. ನನ್ನ ಜಪಾನಿ ಆಫೀಸ್ ಮೀಟಿಂಗಿಗೆ ಆಗುವಷ್ಟೇ, ಉಳಿದದ್ದಕ್ಕೆ ಫೋನಿನ ಟ್ರಾನ್ಸ್‌ಲೇಟ್ ಆ್ಯಪ್. ಮಕ್ಕಳು ಸೆಂಡಾಯ್‌ನಲ್ಲಿ ಇದ್ದಾರಂತೆ. ಕರೀತಾರಾ ಅಂದೆ. ಪ್ರತಿ ವರ್ಷ ಕರೀತಾರೆ ಅಂದರು. ಯಾಕೆ ಹೋಗಲಿಲ್ಲ ಅಂತ ಕೇಳಿದ್ದಕ್ಕೆ ಅವರು ಆ್ಯಪಿಗೆ ಹೇಳಿದ್ದು, ಅದು ತೋರಿಸಿದ್ದು ಇಷ್ಟು: “ಇಲ್ಲಿ ಬೆಳಿಗ್ಗೆ ಎದ್ದರೆ ನನಗೆ ಕೆಲಸ ಇದೆ. ಫೆರಿ ಇರುವವರೆಗೆ ಇರುತ್ತೇನೆ.”

ಎರಡನೇ ವಾಕ್ಯವನ್ನ ನಾನು ಇನ್ನೊಮ್ಮೆ ಓದಿದೆ. ಮನೆ ಬಗ್ಗೆ, ನೆನಪುಗಳ ಬಗ್ಗೆ ಏನೋ ಹೇಳ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಟೈಮ್‌ಟೇಬಲ್ ಬಗ್ಗೆ. ನಷ್ಟದಲ್ಲಿ ನಡೆಯೋ ದ್ವೀಪ ಮಾರ್ಗಗಳಿಗೆ ಸರ್ಕಾರ ನೆರವು ಕೊಡಬೇಕು ಅಂತ ಜಪಾನ್ 1952ರಲ್ಲೇ ಕಾನೂನು ಮಾಡಿದೆ. ಇದೇ ಫೆರಿ ಮುಂದೆ ಅಜಿಶಿಮಾ ಅನ್ನೋ ಪಕ್ಕದ ದ್ವೀಪಕ್ಕೆ ಹೋಗುತ್ತೆ. ಅಲ್ಲಿ ಮಕ್ಕಳಿಲ್ಲದೆ ಮುಚ್ಚಿದ ಪ್ರಾಥಮಿಕ ಶಾಲೆಯನ್ನೇ ಆಸ್ಪತ್ರೆ ಮಾಡಿಕೊಂಡಿದ್ದಾರೆ. ಬೆಕ್ಕುಗಳಿಂದ ದ್ವೀಪಕ್ಕೆ ಹೆಸರು ಬಂದಿರಬಹುದು, ಆದರೆ ಆ ಅಜ್ಜಿ ಅಲ್ಲಿ ಬದುಕೋಕೆ ಸಾಧ್ಯ ಆಗಿರೋದು ದಿನಕ್ಕೆ ಮೂರು ಸಲ ತಪ್ಪದೆ ಬರೋ ಈ ದೋಣಿಯಿಂದ.

ನಮ್ಮ ಕುದ್ರುವಿನಲ್ಲಿ ದೋಣಿ ದಾಟಿಸೋ ಅಣ್ಣನಿಗೆ ಅರವತ್ತು ದಾಟಿದೆ. ಹುಟ್ಟು ಹಾಕಿ ಹಾಕಿ ಭುಜ ಹೋಗಿದೆ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಎಷ್ಟೋ ದಿನ ದೋಣಿ ಬಿಡಲ್ಲ. ಅಮ್ಮ, ಮಾವ ಹೆದರಿದ್ದು ಅಮ್ಮಮ್ಮನ ವಯಸ್ಸಿಗಲ್ಲ, ರಾತ್ರಿ ಏನಾದರೂ ಆದರೆ ದಾಟಿಸೋರು ಯಾರು ಅನ್ನೋದಕ್ಕೆ. ನಾವು ಅಷ್ಟು ತಿಂಗಳು ಚರ್ಚೆ ಮಾಡಿದ್ದು ಬೆಂಗಳೂರಿನ ಫ್ಲ್ಯಾಟಿನಲ್ಲಿ ಯಾವ ರೂಮು, ಲಿಫ್ಟ್ ಇದೆಯಾ, ವೆಸ್ಟರ್ನ್ ಟಾಯ್ಲೆಟ್ ಆಗುತ್ತಾ ಅಂತ.

ವಾಪಸ್ ಫೆರಿ ಹತ್ತೋ ಮುಂಚೆ ಬಂದರಿನಲ್ಲೇ ಕೂತು ಫ್ಯಾಮಿಲಿ ಗ್ರೂಪಿಗೆ ಉದ್ದದ ವಾಯ್ಸ್ ಮೆಸೇಜ್ ಹಾಕಿದೆ. ಅಮ್ಮಮ್ಮನ್ನ ಒಪ್ಪಿಸೋದು ನನ್ನಿಂದ ಆಗಲ್ಲ. ಅದರ ಬದಲು ದೋಣಿಗೆ ಎಂಜಿನ್ ಹಾಕಿಸೋಣ, ಆ ಅಣ್ಣನ ಮಗನಿಗೆ ತಿಂಗಳ ಸಂಬಳ ಅಂತ ಎಲ್ಲ ಮನೆಯವರೂ ಸೇರಿ ಕೊಡೋಣ, ರಾತ್ರಿ ಕರೆದರೂ ಬರಬೇಕು. ನನ್ನ ಪಾಲು ನಾನು ಕೊಡ್ತೀನಿ. ಅಮ್ಮ ಎರಡು ದಿನ ಮಾತಾಡಲಿಲ್ಲ. ಮಾವ ಮಾತ್ರ ಸಂಜೆಗೇ ಉತ್ತರ ಹಾಕಿದರು: “ಮೊದ್ಲು ಎಂಜಿನ್ ರೇಟ್ ಎಷ್ಟು ಅಂತ ಕೇಳು.”

ಕೇಳಿದ್ದೇವೆ. ಹುಡುಗ ಒಪ್ಪಿದ್ದಾನೆ, ಆದರೆ ಮೊದಲ ಆರು ತಿಂಗಳ ಸಂಬಳ ಮುಂಗಡ ಬೇಕಂತೆ, ನ್ಯಾಯವೇ. ಏಳು ಮನೆಗಳಲ್ಲಿ ಐದು ಮನೆಯವರು ಹಣ ಹಾಕೋಕೆ ತಯಾರು. ಉಳಿದೆರಡಕ್ಕೆ ಬೀಗ ಬಿದ್ದು ಬಹಳ ವರ್ಷ ಆಯ್ತು, ಒಬ್ಬರು ಮುಂಬೈ, ಇನ್ನೊಬ್ಬರು ದುಬೈ. ಅವರ ನಂಬರ್ ಹುಡುಕ್ತಾ ಇದ್ದೇವೆ.