ಹೊಸ ಫೋನು, ಹಳೆಯ ಖಾತೆ

ಹೊಸ ಫೋನಿನ ಡಬ್ಬ ತೆರೆದು, ಭಾಷೆ ಆರಿಸಿ, ವೈಫೈ ಪಾಸ್‌ವರ್ಡ್ ಕೊಟ್ಟು, ಇಮೇಲ್ ಖಾತೆ ಸೇರಿಸುವಷ್ಟರಲ್ಲಿ ಕೆಲವು ಸಂಗತಿಗಳು ತಮ್ಮಷ್ಟಕ್ಕೆ ನಡೆಯತೊಡಗುತ್ತವೆ. ಕೇಳದೆಯೇ ಆ್ಯಪ್‌ಗಳು ಬಂದು ಕೂರುತ್ತವೆ. ಎಂದೋ ಅಳಿಸಿದ್ದೇವೆ ಅಂದುಕೊಂಡಿದ್ದ ಹೆಸರುಗಳು ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಕಾಣಿಸುತ್ತವೆ. ಅರ್ಥವೇ ಆಗದ ಅಕ್ಷರಗಳ ಸರಮಾಲೆಯೊಂದು ನಮ್ಮ ನಂಬರಿನಿಂದಲೇ ಎಸ್ಸೆಮ್ಮೆಸ್ಸಾಗಿ ಹೊರಟಿರುತ್ತದೆ. ಮೈಸೂರಿನ ಮನೆಯಲ್ಲಿ ಕೂತು ಲಾಗಿನ್ ಆದವರಿಗೆ ಚೆನ್ನೈಯಿಂದ ಯಾರೋ ಲಾಗಿನ್ ಆಗಿದ್ದಾರೆ ಎಂಬ ಎಚ್ಚರಿಕೆ ಬರುತ್ತದೆ. ಫೋನು ಹ್ಯಾಕ್ ಆಗಿದೆ ಎಂಬ ಭಯ ಆಗ ಹುಟ್ಟದಿದ್ದರೇ ಆಶ್ಚರ್ಯ. ಆ ಭಯವನ್ನು ನಕ್ಕು ತಳ್ಳಿಹಾಕಬಾರದು. ಆದರೆ ಅದು ಸಾಮಾನ್ಯವಾಗಿ ತಪ್ಪು ಕಡೆಗೆ ಬೊಟ್ಟು ಮಾಡುತ್ತದೆ. ಸೆಟಪ್ ನಡೆಯುವ ಆ ಹದಿನೈದು ನಿಮಿಷಗಳಲ್ಲಿ ಎಲ್ಲೋ ಕೂತ ಅಪರಿಚಿತನೊಬ್ಬ ಗಾಳಿಯಲ್ಲಿ ಬಂದು ಒಳಗೆ ನುಗ್ಗುವ ಸಾಧ್ಯತೆ ತೀರಾ ಕಡಿಮೆ. ವಿಚಾರಿಸಬೇಕಾದದ್ದು ಬೇರೆ: ಈ ಫೋನು ಯಾರ ಕೈಯಿಂದ ಬಂತು, ಸೆಟಪ್ ಮಾಡಿದವರು ಯಾರು, ಅದರೊಳಗೆ ಹೋದ ಖಾತೆಯ ಬೀಗ ಎಷ್ಟು ಗಟ್ಟಿಯಾಗಿದೆ?

ಮೊದಲು, ಹೆದರಿಸುವ ಈ ಗುರುತುಗಳನ್ನೇ ನೋಡೋಣ. ಹಳೆಯ ಖಾತೆ ಸೇರಿಸಿದ ಕೂಡಲೇ ಬ್ಯಾಕಪ್‌ನಲ್ಲಿದ್ದ ಆ್ಯಪ್‌ಗಳು, ಕಾಂಟ್ಯಾಕ್ಟ್‌ಗಳು, ವೈಫೈ ಪಾಸ್‌ವರ್ಡ್‌ಗಳು ಹಿಂದಿರುಗುತ್ತವೆ. ಹಿಂದೊಮ್ಮೆ ಬೇರೆ ಯಾರದೋ ಫೋನಿನಲ್ಲಿ ನಮ್ಮ ಖಾತೆ ತೆರೆದಿದ್ದರೆ ಅಲ್ಲಿನ ನಂಬರುಗಳೂ ಜೊತೆಗೆ ಬರಬಹುದು. ಆ ಅಕ್ಷರಗಳ ಎಸ್ಸೆಮ್ಮೆಸ್ಸು ಬಹುಪಾಲು ಯುಪಿಐ ಆ್ಯಪ್ ಕಳಿಸಿದ್ದು. ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್ ಈ ಫೋನಿನಲ್ಲೇ ಇದೆ ಎಂದು ಖಚಿತಪಡಿಸಿಕೊಳ್ಳುವ ಕ್ರಮ ಅದು. ಐಫೋನ್ ಕೂಡ ಐಮೆಸೇಜ್, ಫೇಸ್‌ಟೈಮ್ ಚಾಲೂ ಮಾಡಲು ವಿದೇಶಿ ನಂಬರಿಗೆ ಸದ್ದಿಲ್ಲದೆ ಒಂದು ಸಂದೇಶ ಕಳಿಸುತ್ತದೆ. ಅದಕ್ಕೆ ಬ್ಯಾಲೆನ್ಸ್ ಕಡಿತವಾದಾಗ ಗಾಬರಿಯಾಗುವವರಿದ್ದಾರೆ. ಇನ್ನು ಚೆನ್ನೈ ಎಂದು ತೋರಿಸಿದ್ದು ಇಂಟರ್‌ನೆಟ್ ಕಂಪನಿಯ ಜಾಲ ಆ ಊರಿನ ಲೆಕ್ಕದಲ್ಲಿ ಇರುವುದರಿಂದ. ಎಚ್ಚರಿಕೆಯಲ್ಲಿ ಊರಿಗಿಂತ ಮುಖ್ಯವಾಗಿ ಗಮನಿಸಬೇಕಾದದ್ದು ಫೋನಿನ ಮಾದರಿ ಮತ್ತು ಹೊತ್ತು. ಅವೆರಡೂ ನಿಮ್ಮದಕ್ಕೆ ಹೊಂದಿದರೆ ಅದು ನೀವೇ. ಹೊಂದದಿದ್ದರೆ ಮಾತ್ರ ಚಿಂತಿಸಬೇಕು, ಆಗಲೂ ತೊಂದರೆ ಇರುವುದು ಖಾತೆಯಲ್ಲಿ.

ಹಾಗಾದರೆ ಡಬ್ಬದಿಂದ ತೆಗೆದ ಹೊಸ ಫೋನೇ ಕೆಟ್ಟದ್ದಾಗಿರಲು ಸಾಧ್ಯವಿಲ್ಲವೇ ಎಂದು ಕೇಳಬಹುದು. ಸಾಧ್ಯವಿದೆ, ನಡೆದೂ ಇದೆ. 2016ರಲ್ಲಿ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಬ್ಲೂ ಕಂಪನಿಯ ಅಗ್ಗದ ಆಂಡ್ರಾಯ್ಡ್ ಫೋನೊಂದು ಬಳಕೆದಾರರ ಎಸ್ಸೆಮ್ಮೆಸ್‌ಗಳನ್ನು 72 ಗಂಟೆಗೊಮ್ಮೆ ಚೀನಾದ ಸರ್ವರಿಗೆ ರವಾನಿಸುತ್ತಿದ್ದುದನ್ನು ಕ್ರಿಪ್ಟೋವೈರ್ ಎಂಬ ಸಂಸ್ಥೆ ಪತ್ತೆಮಾಡಿತು. ಆಡಪ್ಸ್ ಎಂಬ ಶಾಂಘೈ ಕಂಪನಿಯ ಅಪ್‌ಡೇಟ್ ತಂತ್ರಾಂಶ ಅದನ್ನು ಮಾಡುತ್ತಿತ್ತು. ಟ್ರಯಾಡಾ ಎಂಬ ಕುತಂತ್ರಾಂಶ 2017ರಲ್ಲಿ ಕೆಲವು ಕಡಿಮೆ ಬೆಲೆಯ ಫೋನುಗಳ ಮೂಲ ತಂತ್ರಾಂಶದಲ್ಲೇ ಸಿಕ್ಕಿತು. ಫೋನು ತಯಾರಕರು ಹೆಚ್ಚುವರಿ ಸೌಲಭ್ಯಗಳಿಗಾಗಿ ಹೊರಗಿನವರಿಗೆ ಕೆಲಸ ಒಪ್ಪಿಸಿದ್ದಾಗ ಅದು ಒಳಸೇರಿತ್ತೆಂದು ಗೂಗಲ್ 2019ರಲ್ಲಿ ವಿವರಿಸಿತು. 2025ರಲ್ಲಿ ಅದರ ಹೊಸ ರೂಪ ಪ್ರಸಿದ್ಧ ಬ್ರ್ಯಾಂಡುಗಳ ನಕಲಿ ಫೋನುಗಳಲ್ಲಿ ಕಂಡುಬಂತು, ಮುಖ್ಯವಾಗಿ ರಷ್ಯಾದಲ್ಲಿ. ಇಂಥವು ಮೂಲ ವ್ಯವಸ್ಥೆಯಲ್ಲೇ ಬೇರೂರಿರುವುದರಿಂದ ಫ್ಯಾಕ್ಟರಿ ರೀಸೆಟ್‌ಗೆ ಬಗ್ಗುವುದಿಲ್ಲ. ರೀಸೆಟ್ ಅಳಿಸುವುದು ಬಳಕೆದಾರರ ಭಾಗವನ್ನು ಮಾತ್ರ.

ಆದರೆ ಈ ಯಾವ ಪ್ರಕರಣದಲ್ಲೂ ಫೋನು ಸೆಟಪ್ ಹೊತ್ತಿನಲ್ಲಿ ಕೆಟ್ಟದ್ದಲ್ಲ, ಅದಕ್ಕೂ ಎಷ್ಟೋ ಮೊದಲೇ ಕೆಟ್ಟಿತ್ತು. ಅಷ್ಟೇ ಅಲ್ಲ, ಆ ಫೋನುಗಳು ಮಾಲೀಕರನ್ನು ಬೆಚ್ಚಿಬೀಳಿಸಲಿಲ್ಲ. ಎಸ್ಸೆಮ್ಮೆಸ್ ಚೀನಾಕ್ಕೆ ಹೋಗುತ್ತಿದ್ದಾಗ ತೆರೆಯ ಮೇಲೆ ಏನೂ ಕಾಣಿಸುತ್ತಿರಲಿಲ್ಲ. ನಿಜವಾದ ಕಳ್ಳ ಸದ್ದು ಮಾಡುವುದಿಲ್ಲ ಎಂಬ ಕಾರಣಕ್ಕೇ ಕಣ್ಣಿಗೆ ಕಂಡ ವಿಚಿತ್ರಗಳನ್ನು ನಂಬಿ ತೀರ್ಮಾನಕ್ಕೆ ಬರುವುದಕ್ಕಿಂತ, ಕೊಳ್ಳುವ ಮೊದಲೇ ಫೋನಿನ ಮೂಲ ನೋಡುವುದು ಹೆಚ್ಚು ಉಪಯೋಗದ್ದು. ನಮ್ಮಲ್ಲಿ ಇದಕ್ಕೆ ಸುಲಭ ದಾರಿಯಿದೆ. ಡಬ್ಬದ ಮೇಲಿನ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ನಂತರ ಬರೆದು 14422ಕ್ಕೆ ಕಳಿಸಿದರೆ ಆ ಸಂಖ್ಯೆ ಯಾವ ಕಂಪನಿಯ ಯಾವ ಮಾದರಿಯದು ಎಂಬ ಉತ್ತರ ಬರುತ್ತದೆ. ಫೋನಿನಲ್ಲಿ *#06# ಒತ್ತಿದಾಗ ಕಾಣುವ ಸಂಖ್ಯೆಯೂ ಅದೇ ಆಗಿರಬೇಕು. ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಫೋನು ಪ್ರಮಾಣೀಕೃತವೇ ಎಂಬುದೂ ತಿಳಿಯುತ್ತದೆ.

ಮೂಲ ಎಷ್ಟು ಮುಖ್ಯ ಎಂಬುದಕ್ಕೆ 2024ರ ಕೊನೆಯಲ್ಲಿ ಬೆಂಗಳೂರಿನಲ್ಲಿ ನಡೆದದ್ದು ಸಾಕ್ಷಿ. ಬ್ಯಾಂಕಿನವರ ಹೆಸರಿನಲ್ಲಿ ಮಾತಾಡಿದ ವಂಚಕರು ಕ್ರೆಡಿಟ್ ಕಾರ್ಡ್ ನೆಪ ಹೇಳಿ ಹಿರಿಯರೊಬ್ಬರ ಮನೆಗೆ ಹೊಸ ಫೋನನ್ನೇ ಉಡುಗೊರೆಯಾಗಿ ಕಳಿಸಿದರು. ಆ ಹಿರಿಯರು ತಮ್ಮ ಸಿಮ್ ಅದಕ್ಕೆ ಹಾಕಿದರು. ಸಂದೇಶ, ಒಟಿಪಿಗಳನ್ನು ಕದಿಯುವ ಸಿದ್ಧತೆ ಅದರಲ್ಲಿ ಮೊದಲೇ ಆಗಿತ್ತು. ಖಾತೆಯಿಂದ ಹೋದದ್ದು 2.8 ಕೋಟಿ ರೂಪಾಯಿ. ಇಲ್ಲಿ ಯಾರೂ ಗೋಡೆ ಒಡೆದು ಒಳಗೆ ಬರಬೇಕಾಗಲಿಲ್ಲ. ಸಿಮ್ ಇರುವ ಕಡೆಗೇ ಒಟಿಪಿ ಬರುತ್ತದೆ, ಬ್ಯಾಂಕು ನಂಬುವುದೂ ಅದನ್ನೇ. ಸಿಮ್ ಹಾಕುವುದೆಂದರೆ ಆ ಫೋನಿನ ಕೈಗೆ ನಮ್ಮ ಗುರುತನ್ನೇ ಕೊಟ್ಟಂತೆ.

ಇಷ್ಟು ದೊಡ್ಡ ಮೋಸ ಅಪರೂಪ. ನಮ್ಮ ಊರುಗಳಲ್ಲಿ ದಿನವೂ ನಡೆಯುವ, ಆದರೆ ಯಾರೂ ಅಪಾಯವೆಂದು ಎಣಿಸದ ಸಂಗತಿ ಇನ್ನೊಂದಿದೆ: ಅಂಗಡಿಯಲ್ಲೇ ಸೆಟಪ್ ಮಾಡಿಸಿಕೊಳ್ಳುವುದು. ಕೌಂಟರಿನ ಹುಡುಗ ಪ್ರೀತಿಯಿಂದಲೇ ಹೊಸ ಜಿಮೇಲ್ ತೆರೆದುಕೊಡುತ್ತಾನೆ. ಪಾಸ್‌ವರ್ಡ್ ಅವನೇ ಯೋಚಿಸಿದ್ದು, ಹೆಚ್ಚಾಗಿ ಗಿರಾಕಿಯ ಹೆಸರು ಮತ್ತು 123. ಖಾತೆ ಕಳೆದರೆ ಮರಳಿ ಪಡೆಯಲು ಕೊಡುವ ನಂಬರಿನ ಜಾಗದಲ್ಲಿ ಅವಸರಕ್ಕೆ ಅವನದೇ ನಂಬರು ಉಳಿದುಬಿಡುವುದೂ ಉಂಟು. ಅವನಲ್ಲಿ ಕೆಟ್ಟ ಉದ್ದೇಶ ಇಲ್ಲದಿರಬಹುದು, ಆದರೂ ಆ ಖಾತೆಯ ನಿಜವಾದ ಒಡೆಯ ಅವನೇ. ಕಂತಿನಲ್ಲಿ ಕೊಂಡ ಫೋನಿನದು ಮತ್ತೊಂದು ಕಥೆ. ಸಾಲ ಕೊಟ್ಟ ಕಂಪನಿಗಳು ಕೆಲವೊಮ್ಮೆ ಸೆಟಪ್ ಹೊತ್ತಿನಲ್ಲೇ ನಿಯಂತ್ರಣದ ಆ್ಯಪ್ ಕೂರಿಸುತ್ತವೆ. ಕಂತು ತಪ್ಪಿದರೆ ಅದರಿಂದಲೇ ಫೋನು ಲಾಕ್ ಆಗುತ್ತದೆ, ಸಾಮಾನ್ಯ ದಾರಿಯಲ್ಲಿ ಅದನ್ನು ತೆಗೆಯಲೂ ಆಗದು. ‘ಈ ಸಾಧನವನ್ನು ಸಂಸ್ಥೆಯೊಂದು ನಿರ್ವಹಿಸುತ್ತಿದೆ’ ಎಂಬ ಸಾಲು ಕಂಡು ಹ್ಯಾಕರ್ ಎಂದು ಹೆದರುವವರು ಮೊದಲು ಸಾಲದ ಕಾಗದ ತೆಗೆದು ಓದಬೇಕು. ಇಂಥ ಹಿಡಿತ ಸಾಲ ಪಡೆಯುವವರಿಗೆ ಅವರ ಭಾಷೆಯಲ್ಲಿ ಸ್ಪಷ್ಟವಾಗಿ ತಿಳಿದಿರಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ತಾವು ಕೇಳದ ತಂತ್ರಾಂಶ ತಮ್ಮ ಫೋನಿನಲ್ಲಿರುವುದನ್ನು ಜನ ಸಹಿಸುವುದಿಲ್ಲ, ಸಹಿಸಲೂಬಾರದು. ಸಂಚಾರ್ ಸಾಥಿ ಎಂಬ ಸರ್ಕಾರಿ ಆ್ಯಪನ್ನು ಎಲ್ಲ ಹೊಸ ಫೋನುಗಳಲ್ಲಿ ಮೊದಲೇ ಹಾಕಬೇಕೆಂಬ ಆದೇಶವನ್ನು ಕೇಂದ್ರ ಸರ್ಕಾರ 2025ರ ಡಿಸೆಂಬರಿನಲ್ಲಿ ಕೆಲವೇ ದಿನಗಳೊಳಗೆ ಹಿಂತೆಗೆದುಕೊಂಡದ್ದು ಆ ಅಸಹನೆಯ ನಡುವೆಯೇ.

ಮೂರು ಸಲ ರೀಸೆಟ್ ಮಾಡಿದರೂ ತೊಂದರೆ ಹೋಗಲಿಲ್ಲ, ಆದ್ದರಿಂದ ಹ್ಯಾಕರ್ ತುಂಬ ಆಳದಲ್ಲಿದ್ದಾನೆ ಎನ್ನುವುದು ಪದೇ ಪದೇ ಕೇಳಿಬರುವ ವಾದ. ಅಧಿಕೃತ ಅಂಗಡಿಯಿಂದ ತಂದ ಫೋನಾದರೆ ಇದಕ್ಕೆ ಸರಳ ವಿವರಣೆಯಿದೆ: ಪ್ರತಿ ಸಲವೂ ಅದೇ ಖಾತೆ, ಅದೇ ಬ್ಯಾಕಪ್ ಮರಳುತ್ತಿವೆ. ಕಳ್ಳನ ಕೈಯಲ್ಲೊಂದು ಕೀಲಿಕೈ ಇರುವಾಗ ಮನೆಗೆ ಸುಣ್ಣ ಬಳಿದ ಹಾಗಾಯಿತು. ಮೊದಲು ನಂಬಿಕೆಯ ಬೇರೊಂದು ಸಾಧನದಲ್ಲಿ ಖಾತೆಯ ಪಾಸ್‌ವರ್ಡ್ ಬದಲಿಸಿ, ರಿಕವರಿ ನಂಬರು ನಿಮ್ಮದೇ ಎಂದು ನೋಡಿ, ಎರಡು ಹಂತದ ಪರಿಶೀಲನೆ ಹಾಕಿ, ಗುರುತಿಲ್ಲದ ಸಾಧನಗಳನ್ನೆಲ್ಲ ಖಾತೆಯಿಂದ ಹೊರಹಾಕಿ. ವಾಟ್ಸ್ಆ್ಯಪ್‌ನ ಲಿಂಕ್ಡ್ ಡಿವೈಸಸ್ ಪಟ್ಟಿಯನ್ನೂ ನೋಡಿ. ಅದಾದ ಮೇಲೆ ರೀಸೆಟ್, ಅದೂ ಬ್ಯಾಕಪ್ ಮರಳಿಸದೆ. ಆ್ಯಪ್‌ಗಳನ್ನು ಒಂದೊಂದಾಗಿ ಪ್ಲೇ ಸ್ಟೋರಿನಿಂದಲೇ ಹಾಕಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಬಂದ, ಆ್ಯಪ್ ಕೂರಿಸುವ ಎಪಿಕೆ ಫೈಲುಗಳನ್ನು, ಅದು ಮದುವೆ ಕರೆಯೋಲೆ ಎಂದಿರಲಿ, ಟ್ರಾಫಿಕ್ ದಂಡದ ಚಲನ್ ಎಂದಿರಲಿ, ಮುಟ್ಟಬೇಡಿ.

ಹಣ ಈಗಾಗಲೇ ಹೋಗಿದ್ದರೆ ಮಾತ್ರ ಈ ಕ್ರಮ ಬೇರೆ. ಆಗ ರೀಸೆಟ್ ಮಾಡಿದರೆ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಸಿಮ್ ತೆಗೆದು, ವೈಫೈ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಡಮಾಡದೆ ಕರೆ ಮಾಡಬೇಕು. ದೂರು ಕೊಡಲು ಹೋಗುವಾಗ ಫೋನಿನ ಜೊತೆ ಅದರ ಡಬ್ಬ, ಬಿಲ್ಲು, ಕೊರಿಯರ್‌ನಲ್ಲಿ ಬಂದಿದ್ದರೆ ಕವರಿನ ಮೇಲಿನ ಚೀಟಿಯನ್ನೂ ತೆಗೆದುಕೊಂಡು ಹೋಗಿ.