ಪ್ರಯೋಗಾಲಯದ ವಿದ್ಯೆ, ಎಡಿಸನ್ನಿನಲ್ಲಿ

ನ್ಯೂಜೆರ್ಸಿಯ ಎಡಿಸನ್ನಿನಲ್ಲಿ, ಒಂದು ಕಾಲಕ್ಕೆ ಸೈನ್ಯದ ಮದ್ದುಗುಂಡುಗಳ ಉಗ್ರಾಣವಾಗಿದ್ದ ರ್ಯಾರಿಟನ್ ಆರ್ಸೆನಲ್ಲಿನ ನೆಲದ ಮೇಲೆ ನಿಂತಿರುವ ಮಿಡ್ಲ್‌ಸೆಕ್ಸ್ ಕಾಲೇಜು, ವೈದ್ಯಕೀಯ ಪ್ರಯೋಗಾಲಯದ ತಂತ್ರಜ್ಞರಾಗಬಯಸುವವರಿಗೆ ಅಸೋಸಿಯೇಟ್ ಪದವಿಯ ಶಿಕ್ಷಣವನ್ನೀಯುತ್ತದೆ.

ನೇರಳೆ ಮುಚ್ಚಳದ ನಳಿಕೆಯಲ್ಲಿ ಇಡಿಟಿಎ ಎಂಬ ರಾಸಾಯನಿಕವು ಕ್ಯಾಲ್ಸಿಯಮ್ಮನ್ನು ಬಂಧಿಸಿ ಹೆಪ್ಪುಗಟ್ಟದಂತೆ ಕಾದಿರಿಸಿದ ರಕ್ತದ ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲಿರಿಸಿ, ಇನ್ನೊಂದು ಸ್ಲೈಡನ್ನು ಓರೆಯಾಗಿ ಹಿಡಿದು ಒಂದೇ ಬಾರಿಗೆ ತೆಳುವಾಗಿ ಸವರಿ, ಒಣಗಿಸಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದಡಿಯಲ್ಲಿ ಬಿಳಿಯ ರಕ್ತಕಣಗಳನ್ನು ಬಗೆಬಗೆಯಾಗಿ ಎಣಿಸುವುದು ಈ ವಿದ್ಯೆಯ ಮೊದಲ ಪಾಠಗಳಲ್ಲೊಂದು.

ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರಗಳನ್ನು ಕಲಿತು, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೈ ಪಳಗಿಸಿಕೊಂಡ ಮೇಲೆ ಎಎಸ್‌ಸಿಪಿ ಎಂಬ ವೃತ್ತಿಸಂಸ್ಥೆಯ ಅರ್ಹತಾ ಪರೀಕ್ಷೆ. ನ್ಯೂಜೆರ್ಸಿಯಲ್ಲಿ ರಾಜ್ಯದ ಪರವಾನಗಿ ಬೇಕಿಲ್ಲ. ಹಡ್ಸನ್ ನದಿಯಾಚೆಯ ನ್ಯೂಯಾರ್ಕಿನಲ್ಲಾದರೋ ಅದು ಅನಿವಾರ್ಯ. ಆದಕಾರಣ, ಉದ್ಯೋಗವನ್ನು ಎಲ್ಲಿ ಅರಸುವಿರೆಂಬುದನ್ನು ಪ್ರವೇಶಕ್ಕೆ ಮೊದಲೇ ನಿಶ್ಚಯಿಸಿಕೊಳ್ಳುವುದು ವಿವೇಕ.