ಗಾಳಿ ಕುಡಿದ ಗ್ಯಾಸ್

ದೀಪಾವಳಿ ನಾಟಕದ ಪರದೆ, ಹಾರ್ಮೋನಿಯಂ ಸಾಗಿಸಲೆಂದು ಕಾರಿನ ನೆತ್ತಿಯ ಮೇಲೆ ಕೂರಿಸಿದ ಪೆಟ್ಟಿಗೆಯನ್ನು ನಾವು ಯುಗಾದಿಯಾದರೂ ಇಳಿಸಿರಲಿಲ್ಲ. ಈ ನಡುವೆ ಗ್ಯಾಸಿನ ಖರ್ಚು ಏರುತ್ತಲೇ ಹೋಯಿತು. ಗ್ಯಾರೇಜಿನವರೊಬ್ಬರು, ಬ್ರೇಕುಗಳು ಹಿಡಿದುಕೊಂಡಿವೆ, ನಾಲ್ಕನ್ನೂ ಬದಲಿಸಬೇಕು ಎಂದು 900 ಡಾಲರಿನ ಚೀಟಿ ಬರೆದುಕೊಟ್ಟರು. ಊರಿಗೆ ಹೋಗುವ ಟಿಕೆಟ್ಟಿಗೆಂದು ಕೂಡಿಟ್ಟಿದ್ದ ಹಣ. ನಮ್ಮವರು ಚೆಕ್ ಪುಸ್ತಕ ತೆಗೆದರು; ನಮಗೆ ಮಾತ್ರ ಅಳೆಯದೆ ದುಡ್ಡು ತೆರಲು ಮನಸ್ಸಾಗಲಿಲ್ಲ.

ಓಡುವ ಕಾರನ್ನು ನ್ಯೂಟ್ರಲ್‌ಗೆ ಹಾಕಿ ಬಿಟ್ಟರೆ ಅದನ್ನು ನಿಧಾನಗೊಳಿಸುವುದು ಮುಖ್ಯವಾಗಿ ಎರಡು: ಟೈರು, ಬೇರಿಂಗು, ಬ್ರೇಕುಗಳ ಎಳೆತ ಒಂದು, ಗಾಳಿಯ ತಡೆ ಇನ್ನೊಂದು. ಮೊದಲನೆಯದು ಎಲ್ಲ ವೇಗದಲ್ಲೂ ಹೆಚ್ಚುಕಡಿಮೆ ಅಷ್ಟೇ. ಎರಡನೆಯದು ವೇಗದ ವರ್ಗದಂತೆ ಬೆಳೆಯುತ್ತದೆ. 20 ಮೈಲಿಯಲ್ಲಿ ಇದ್ದದ್ದು 60ರಲ್ಲಿ ಒಂಬತ್ತು ಪಟ್ಟು. ಹಾಗಾಗಿ ಜೋರಿನಲ್ಲೊಮ್ಮೆ, ನಿಧಾನದಲ್ಲೊಮ್ಮೆ ಅಳೆದರೆ ಎರಡನ್ನೂ ಬೇರ್ಪಡಿಸಬಹುದು. ಅಮೆರಿಕದಲ್ಲಿ ಕಾರಿನ ಸ್ಟಿಕರಿನ ಮೈಲೇಜಿಗೂ ಇದೇ ಪರೀಕ್ಷೆ ಆಧಾರ. 2012ರಲ್ಲಿ ಹ್ಯುಂಡೈ, ಕಿಯಾ ಕಂಪನಿಗಳು ತಮ್ಮ ಅಂಕಿಗಳನ್ನು ಇಳಿಸಬೇಕಾಗಿ ಬಂದಾಗ ತಪ್ಪು ಸಿಕ್ಕಿದ್ದು ಇಲ್ಲಿಯೇ.

ಗಾಳಿಯಿಲ್ಲದ ಭಾನುವಾರ, ಬೆಳಗ್ಗೆ ಆರು ಗಂಟೆ, ಹೊಲಗಳ ನಡುವಿನ ಸಮತಟ್ಟಾದ ಖಾಲಿ ರಸ್ತೆ. ಸ್ಟೀರಿಂಗ್ ನಮ್ಮವರ ಕೈಯಲ್ಲಿ, ಸ್ಟಾಪ್‌ವಾಚ್ ನಮ್ಮ ಕೈಯಲ್ಲಿ. ವೇಗ ಫೋನಿನ ಜಿ.ಪಿ.ಎಸ್.ನಿಂದ. ಹಿಂದೆ ಬೇರೆ ಕಾರು ಕಂಡರೆ ಆ ಓಟ ರದ್ದು. ಇಂಜಿನ್ ಮಾತ್ರ ಆರಿಸಕೂಡದು: ಬ್ರೇಕು, ಸ್ಟೀರಿಂಗು ಎರಡೂ ಬಿಗಿಯಾಗುತ್ತವೆ. (ಪೆಟ್ರೋಲ್ ಉಳಿಸಲು ಘಾಟಿಯಲ್ಲಿ ಇಂಜಿನ್ ಆರಿಸಿ ಇಳಿಯುತ್ತಿದ್ದ ನಮ್ಮೂರ ಡ್ರೈವರುಗಳನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.) ಒಂದೇ ಬ್ಯುರೆಟ್ ರೀಡಿಂಗ್ ನಂಬದವರು ನಾವು, ರಸ್ತೆಯ ಇಳಿಜಾರು ಲೆಕ್ಕ ಕೆಡಿಸದಿರಲೆಂದು ಹೋಗುತ್ತ ನಾಲ್ಕು, ಬರುತ್ತ ನಾಲ್ಕು ಓಟ ತೆಗೆದು ಸರಾಸರಿ ಹಿಡಿದೆವು.

ಪೆಟ್ಟಿಗೆಯಿದ್ದಾಗ 65ರಿಂದ 55ಕ್ಕೆ ಇಳಿಯಲು 12.2 ಸೆಕೆಂಡು, ಇಳಿಸಿದ ಮೇಲೆ 14.5. ಆದರೆ 25ರಿಂದ 15ಕ್ಕೆ 31 ಮತ್ತು 32, ಅಂದರೆ ಹೆಚ್ಚೇನೂ ವ್ಯತ್ಯಾಸವಿಲ್ಲ. ನಮ್ಮಿಬ್ಬರನ್ನೂ ಸೇರಿಸಿ ಕಾರಿನ ತೂಕ 1,500 ಕಿಲೋ ಎಂದು ಲೆಕ್ಕ ಹಾಕಿದರೆ ಟೈರು-ಬ್ರೇಕುಗಳ ಎಳೆತ ತೂಕದ ಶೇಕಡ 1.2ರಷ್ಟು. ಸಾಮಾನ್ಯ ಟೈರುಗಳಿಗೇ ಅಷ್ಟು ಬೇಕು. ಬ್ರೇಕ್ ಹಿಡಿದುಕೊಂಡಿದ್ದರೆ ಅದು ಅಲ್ಲಿ ಎದ್ದು ಕಾಣಬೇಕಿತ್ತು. ಗಾಳಿಯ ತಡೆಯೋ, ಪೆಟ್ಟಿಗೆಯಿಂದ ಸುಮಾರು ಶೇಕಡ 30 ಹೆಚ್ಚಿತ್ತು. 60 ಮೈಲಿಯಲ್ಲಿ ಕಾರನ್ನು ದೂಡಲು ಒಟ್ಟು ಐದನೆಯ ಒಂದು ಭಾಗ ಹೆಚ್ಚು ಬಲ! ಖಾಲಿ ಪೆಟ್ಟಿಗೆಗೆ.

ಲೆಕ್ಕದ ಹಾಳೆ ಹಿಡಿದು ಇನ್ನೊಂದು ಗ್ಯಾರೇಜಿಗೆ ಹೋದೆವು. ಚಕ್ರ ಬಿಚ್ಚಿ ನೋಡಿ, ಬ್ರೇಕ್ ಸರಿಯಿದೆ ಎಂದರು. ನೋಡಿದ್ದಕ್ಕೆ 40 ಡಾಲರು. ಪೆಟ್ಟಿಗೆ ಈಗ ನಮ್ಮ ಬೇಸ್‌ಮೆಂಟಿನಲ್ಲಿದೆ. ಮುಂದಿನ ನಾಟಕಕ್ಕೆ ಬೇಕಾದವರು ಬಂದು ಒಯ್ಯಬಹುದು, ನಾಟಕ ಮುಗಿದ ರಾತ್ರಿಯೇ ಇಳಿಸುವುದಾದರೆ.